ಬಿಳಿ ಬೂದಿ, ಕಪ್ಪು ಗೊಜಿರಾ

ಎಪ್ಪತ್ತು ವರ್ಷ ದಾಟಿದರೂ ಹಳತಾಗದ ಜಪಾನಿನ ಕಪ್ಪು-ಬಿಳುಪು ಚಿತ್ರವೊಂದು ಹುಟ್ಟಿದ ಬಗೆ

ಗಾಡ್ಜಿಲಾ ಎಂದೊಡನೆ ಮಲ್ಟಿಪ್ಲೆಕ್ಸ್ ತಲೆಮಾರಿನ ಕಣ್ಣ ಮುಂದೆ ಬರುವುದು ಹಾಲಿವುಡ್‌ನ ಪ್ರಾಣಿ. ಕಾಂಗ್ ಎಂಬ ದೈತ್ಯ ಗೊರಿಲ್ಲಾದ ಜತೆ ಕುಸ್ತಿಗಿಳಿಯುವ, ಬೆನ್ನ ಮುಳ್ಳುಗಳಲ್ಲಿ ನೀಲಿ ಬೆಳಕು ಮಿಂಚಿಸುವ ಪ್ರಾಣಿ. ಅದರ ಮೂಲವನ್ನು ಹುಡುಕಿಕೊಂಡು 1954ರ ಜಪಾನಿ ಚಿತ್ರ ‘ಗೊಜಿರಾ’ದ ಮುಂದೆ ಕೂತವರಿಗೆ ಆಗುವ ಅನುಭವವೇ ಬೇರೆ. ಅಲ್ಲಿ ಬಣ್ಣವಿಲ್ಲ, ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲ. ರಬ್ಬರ್ ವೇಷದೊಳಗೊಬ್ಬ ಮನುಷ್ಯನಿದ್ದಾನೆಂದು ಗೊತ್ತು. ಅವನು ಕೆಡವುತ್ತಿರುವ ಟೋಕಿಯೊ ಅವನ ಎದೆಮಟ್ಟಕ್ಕೆ ಬರುವ ಆಟಿಕೆಯ ಊರೆಂಬುದೂ ಗೊತ್ತು. ಆದರೂ ನಗು ಬರುವುದಿಲ್ಲ. ಹುಲಿವೇಷದೊಳಗಿರುವುದು ಪಕ್ಕದ ಬೀದಿಯವನೇ ಎಂದು ತಿಳಿದೂ ಮಗು ಅಮ್ಮನ ಸೆರಗು ಹಿಡಿಯುವಂತೆ ನಾವೂ ಗಪ್‌ಚುಪ್ಪಾಗುತ್ತೇವೆ.

ಆ ದಶಕದಲ್ಲಿ ಕಪ್ಪು-ಬಿಳುಪು ವೈಜ್ಞಾನಿಕ ಚಿತ್ರಗಳಿಗೆ ಬರವಿರಲಿಲ್ಲ. ಹಾರುವ ತಟ್ಟೆ, ದೈತ್ಯ ಇರುವೆ, ದೈತ್ಯ ಜೇಡ ಎಲ್ಲವೂ ಬಂದುಹೋದವು. ಅವುಗಳಲ್ಲಿ ಎಷ್ಟೋ ಚಿತ್ರಗಳನ್ನು ಇಂದು ಗೇಲಿ ಮಾಡುವುದಕ್ಕೆಂದೇ ನೋಡುತ್ತಾರೆ. ಹಳೆಯದೆಂಬ ಒಂದೇ ಕಾರಣಕ್ಕೆ ಯಾವ ಚಿತ್ರವೂ ಉಳಿಯುವುದಿಲ್ಲ. ‘ಗೊಜಿರಾ’ ಉಳಿದದ್ದು ಯಾಕೆಂದು ತಿಳಿಯಬೇಕಾದರೆ ಅದು ತಯಾರಾದ ವರ್ಷಕ್ಕೇ ಹೋಗಬೇಕು.

ಕಡಲ ಮೇಲೆ ಬಿದ್ದ ಬೂದಿ

1954ರ ಮಾರ್ಚ್ 1ರ ನಸುಕಿನಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ‘ಕ್ಯಾಸಲ್ ಬ್ರಾವೊ’ ಹೆಸರಿನ ಹೈಡ್ರೋಜನ್ ಬಾಂಬನ್ನು ಸಿಡಿಸಿತು. ಸುಮಾರು 6 ಮೆಗಾಟನ್ ಶಕ್ತಿಯನ್ನು ನಿರೀಕ್ಷಿಸಿದ್ದ ವಿಜ್ಞಾನಿಗಳ ಲೆಕ್ಕ ತಪ್ಪಿ ಅದು 15 ಮೆಗಾಟನ್ ಮುಟ್ಟಿತು. ಹಿರೋಶಿಮಾದ ಬಾಂಬಿಗಿಂತ ಸುಮಾರು ಸಾವಿರ ಪಟ್ಟು. ಅಮೆರಿಕ ಘೋಷಿಸಿದ್ದ ಅಪಾಯ ವಲಯದ ಆಚೆ ಜಪಾನಿನ ಯೈಜು ಬಂದರಿನ ಟ್ಯೂನಾ ದೋಣಿಯೊಂದು ಮೀನು ಹಿಡಿಯುತ್ತಿತ್ತು. ಹೆಸರು ‘ದೈಗೊ ಫುಕುರ್ಯು ಮಾರು’, ದೋಣಿಯಲ್ಲಿ 23 ಮಂದಿ. ಪಶ್ಚಿಮದಲ್ಲಿ ಸೂರ್ಯ ಹುಟ್ಟಿದಂಥ ಬೆಳಕು ಕಂಡಿತು. ಕೆಲವು ಗಂಟೆಗಳ ನಂತರ ಆಕಾಶದಿಂದ ಬಿಳಿ ಬೂದಿ ಉದುರತೊಡಗಿತು. ಸುಟ್ಟು ಪುಡಿಯಾದ ಹವಳದ ಬೂದಿ ಅದು. ಏನೆಂದು ತಿಳಿಯದ ಬೆಸ್ತರು ಅದನ್ನು ಕೈಯಿಂದಲೇ ಬಳಿದುಹಾಕಿದರು.

ಮಾರ್ಚ್ 14ಕ್ಕೆ ದೋಣಿ ಯೈಜುವಿಗೆ ಮರಳುವಷ್ಟರಲ್ಲಿ ಅವರ ಚರ್ಮ ಕಪ್ಪಾಗಿತ್ತು, ಕೂದಲು ಉದುರುತ್ತಿತ್ತು. ದೋಣಿಯ ಮೀನು ಮಾರುಕಟ್ಟೆ ಸೇರಿಯಾಗಿತ್ತು. ಸುದ್ದಿ ಹಬ್ಬಿದೊಡನೆ ಜಪಾನಿನ ಮೀನಂಗಡಿಗಳಲ್ಲಿ ಗೈಗರ್ ಕೌಂಟರ್‌ಗಳು ಟಿಕ್ ಟಿಕ್ ಎನ್ನತೊಡಗಿದವು. ರಾಶಿ ರಾಶಿ ಟ್ಯೂನಾ ಮಣ್ಣುಪಾಲಾಯಿತು. ಅದೇ ಏಪ್ರಿಲ್ 2ರಂದು ನಮ್ಮ ಲೋಕಸಭೆಯಲ್ಲಿ ಜವಾಹರಲಾಲ್ ನೆಹರೂ ಇಂಥ ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸುವ ಒಪ್ಪಂದವಾಗಲಿ ಎಂದು ಜಗತ್ತನ್ನು ಕೇಳಿದರು. ಟೋಕಿಯೊದ ಸುಗಿನಾಮಿ ಬಡಾವಣೆಯ ಗೃಹಿಣಿಯರು ಮುಂದೆ ನಿಂತು ನಡೆಸಿದ ಸಹಿ ಸಂಗ್ರಹ ದೇಶಕ್ಕೆಲ್ಲ ಹಬ್ಬಿ, ಮರುವರ್ಷದ ಹೊತ್ತಿಗೆ ಸಹಿಗಳ ಸಂಖ್ಯೆ 3 ಕೋಟಿ ದಾಟಿತು. ದೋಣಿಯ ರೇಡಿಯೊ ಆಪರೇಟರ್ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ‘ಗೊಜಿರಾ’ದ ಚಿತ್ರೀಕರಣ ನಡೆಯುತ್ತಿತ್ತು.

ಕೈತಪ್ಪಿದ ಚಿತ್ರದ ಜಾಗಕ್ಕೆ

ತೋಹೊ ಸಂಸ್ಥೆಯ ನಿರ್ಮಾಪಕ ತೊಮೊಯುಕಿ ತನಕಾ ಆ ವರ್ಷ ಇಂಡೊನೇಷ್ಯಾದ ಜತೆಗೂಡಿ ದೊಡ್ಡ ಚಿತ್ರವೊಂದನ್ನು ಮಾಡಬೇಕಿತ್ತು. ಯುದ್ಧದ ಕಹಿ ಇನ್ನೂ ಆರಿರಲಿಲ್ಲ, ಕಲಾವಿದರಿಗೆ ವೀಸಾ ಸಿಗದೆ ಯೋಜನೆ ಮುರಿದುಬಿತ್ತು. ಬರಿಗೈಯಲ್ಲಿ ಜಕಾರ್ತದಿಂದ ಮರಳುವಾಗ ವಿಮಾನದಿಂದ ಕೆಳಗಿನ ಕಡಲನ್ನು ನೋಡುತ್ತ ಈ ಕಥೆ ಹೊಳೆಯಿತೆಂದು ತನಕಾ ಮುಂದೆ ಹೇಳಿಕೊಂಡಿದ್ದಾರೆ: ಬಾಂಬ್ ಪರೀಕ್ಷೆ ಕಡಲ ತಳದಲ್ಲಿ ಮಲಗಿದ್ದ ಪ್ರಾಣಿಯೊಂದನ್ನು ಎಬ್ಬಿಸಿದರೆ?

ಕಲ್ಪನೆ ಪೂರ್ತಿ ಹೊಸದಲ್ಲ. 1933ರ ‘ಕಿಂಗ್ ಕಾಂಗ್’ 1952ರಲ್ಲಿ ಮರುಬಿಡುಗಡೆಯಾಗಿ ಭರ್ಜರಿ ಹಣ ಮಾಡಿತ್ತು. ಮರುವರ್ಷ ಬಂದ ‘ದಿ ಬೀಸ್ಟ್ ಫ್ರಮ್ 20,000 ಫ್ಯಾದಮ್ಸ್’ನಲ್ಲಿ ಅಣುಸ್ಫೋಟದಿಂದ ಎದ್ದ ಡೈನೊಸಾರ್ ನ್ಯೂಯಾರ್ಕಿಗೆ ನುಗ್ಗಿತ್ತು. ತನಕಾ ಇವುಗಳಿಂದ ಧಾರಾಳವಾಗಿಯೇ ಎರವಲು ಪಡೆದರು. ಆದರೆ ಅಮೆರಿಕದ ಚಿತ್ರದಲ್ಲಿ ಅಣುಬಾಂಬ್ ಕಥೆ ಶುರುಮಾಡಲು ಸಿಕ್ಕ ಒಂದು ನೆವ. ಜಪಾನಿನಲ್ಲಿ ಅದು ಮನೆಮನೆಯ ಸಾವು.

ನಿರ್ದೇಶಕ ಇಶಿರೊ ಹೊಂಡಾ ಯುದ್ಧಕ್ಕೆ ಹೋಗಿಬಂದವರು. ಸೈನ್ಯದಲ್ಲಿ ವರ್ಷಗಟ್ಟಲೆ ಚೀನಾದಲ್ಲಿದ್ದು, ಸೆರೆಯಾಗಿ, 1946ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ಹಿರೋಶಿಮಾದ ಅವಶೇಷಗಳನ್ನು ಕಣ್ಣಾರೆ ಕಂಡಿದ್ದರು. ಅಕಿರಾ ಕುರೊಸಾವಾ ಅವರ ಗೆಳೆಯ, ‘ಸ್ಟ್ರೇ ಡಾಗ್’ ಚಿತ್ರಕ್ಕೆ ಅವರ ಸಹಾಯಕರೂ ಆಗಿದ್ದವರು. ಹೊಂಡಾ ಈ ರಾಕ್ಷಸನ ಕಥೆಯನ್ನು ನಡೆದ ಘಟನೆಯಂತೆಯೇ ಹೇಳಲು ಹೊರಟರು. ಅದೇ ವರ್ಷದ ‘ಸೆವೆನ್ ಸಮುರಾಯ್’ನಲ್ಲಿ ಹಿರಿಯ ಸಮುರಾಯ್ ಆಗಿದ್ದ ತಕಾಶಿ ಶಿಮುರಾ ಇಲ್ಲಿ ಪ್ರೊಫೆಸರ್ ಯಮಾನೆಯಾದರು. ಕ್ಯಾಮೆರಾ ಹಿಡಿದ ಮಸಾವೊ ತಮಾಯಿ, ಮಿಕಿಯೊ ನರುಸೆಯವರ ಕೌಟುಂಬಿಕ ಚಿತ್ರಗಳ ಛಾಯಾಗ್ರಾಹಕರು. ಹಾಗಾಗಿ ರಾಕ್ಷಸ ಬರುವ ತನಕ ಈ ಚಿತ್ರ ಯಾವುದೋ ಸಾಧಾರಣ ಮನೆಯ ಕಥೆಯಂತೆಯೇ ಕಾಣುತ್ತದೆ.

ಮೊದಲ ದೃಶ್ಯವನ್ನೇ ನೋಡಿ. ಹಡಗಿನ ಮೇಲೆ ನಾವಿಕರು ಹಾರ್ಮೋನಿಕಾ, ಗಿಟಾರ್ ನುಡಿಸುತ್ತ ಕೂತಿದ್ದಾರೆ. ಕಡಲಿನಿಂದ ಕಣ್ಣು ಕುಕ್ಕುವ ಬೆಳಕು ಏಳುತ್ತದೆ. ರೇಡಿಯೊ ಆಪರೇಟರ್ ಕೊನೆಯ ಸಂದೇಶಕ್ಕಾಗಿ ಒದ್ದಾಡುತ್ತಾನೆ. ಥಿಯೇಟರಿನಲ್ಲಿದ್ದವರಿಗೆ ಅದು ಯಾವ ದೋಣಿಯ ನೆನಪೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ನೂರು ಕಿಲೋ ವೇಷ

ಟ್ರಿಕ್ ದೃಶ್ಯಗಳ ಹೊಣೆ ಐಜಿ ತ್ಸುಬುರಾಯಾ ಅವರದು. ಯುದ್ಧಕಾಲದಲ್ಲಿ, 1942ರಲ್ಲಿ, ಪರ್ಲ್ ಹಾರ್ಬರ್ ದಾಳಿಯನ್ನು ಪುಟ್ಟ ಮಾದರಿಗಳಲ್ಲಿ ಮರುಸೃಷ್ಟಿಸಿ ಹೆಸರಾದವರು. ಯುದ್ಧ ಮುಗಿದ ಮೇಲೆ ಅಂಥ ಚಿತ್ರಗಳಿಗೆ ದುಡಿದ ಕಾರಣಕ್ಕೇ ಕೆಲಸ ಕಳೆದುಕೊಂಡವರು. ‘ಕಿಂಗ್ ಕಾಂಗ್’ ಅವರ ಪಾಲಿಗೆ ಪಾಠಶಾಲೆ. ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ, ಒಂದೊಂದೇ ಫ್ರೇಮ್ ತೆಗೆಯುವ ಆ ವಿಧಾನವನ್ನೇ ಇಲ್ಲೂ ಬಳಸುವ ಆಸೆ ಅವರಿಗಿತ್ತು. ಎಷ್ಟು ಕಾಲ ಬೇಕೆಂದು ಕೇಳಿದಾಗ ಏಳು ವರ್ಷ ಎಂದರಂತೆ. ಚಿತ್ರ ಬಿಡುಗಡೆಯಾಗಬೇಕಿದ್ದದ್ದು ಅದೇ ನವೆಂಬರಿನಲ್ಲಿ.

ಉಳಿದ ದಾರಿ ಒಂದೇ: ಮನುಷ್ಯನಿಗೆ ವೇಷ ತೊಡಿಸುವುದು. ಮೊದಲ ವೇಷ ಎಷ್ಟು ಬಿರುಸಾಗಿತ್ತೆಂದರೆ ಅದರೊಳಗೆ ನಡೆಯಲೇ ಆಗಲಿಲ್ಲ. ಅದನ್ನು ಕತ್ತರಿಸಿ, ಕಾಲುಗಳಷ್ಟೇ ಕಾಣುವ ಶಾಟುಗಳಿಗೆ ಬಳಸಿಕೊಂಡರು. ಎರಡನೆಯದೂ ಸುಮಾರು 100 ಕಿಲೋ ತೂಗುತ್ತಿತ್ತು. ಅದರೊಳಗೆ ಹೊಕ್ಕ ಹರುವೊ ನಕಾಜಿಮಾ, ಭಾರೀ ಪ್ರಾಣಿಗಳು ಹೇಗೆ ಹೆಜ್ಜೆಯಿಡುತ್ತವೆಂದು ತಿಳಿಯಲು ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ಗಮನಿಸಿದರು. ಸ್ಟುಡಿಯೊ ದೀಪಗಳ ಧಗೆಯಲ್ಲಿ ಕೆಲವೇ ನಿಮಿಷಕ್ಕೆ ಬವಳಿ ಬರುತ್ತಿತ್ತು. ವೇಷ ಕಳಚಿದರೆ ಬೆವರು ಧಾರೆಯಾಗಿ ಸುರಿಯುತ್ತಿತ್ತು.

50 ಮೀಟರ್ ಎತ್ತರದ ಪ್ರಾಣಿಗೆ ತಕ್ಕಂತೆ ಟೋಕಿಯೊವನ್ನು 25ನೇ ಒಂದು ಅಳತೆಯಲ್ಲಿ ಕಟ್ಟಿದರು. ಕ್ಯಾಮೆರಾವನ್ನು ಜೋರಾಗಿ ಓಡಿಸಿ ಚಿತ್ರಿಸಿದ್ದನ್ನು ಮಾಮೂಲಿ ವೇಗದಲ್ಲಿ ತೋರಿಸಿದಾಗ ಆಟಿಕೆಯ ಗೋಡೆಗೂ ಭಾರ ಬಂತು, ನಕಾಜಿಮಾ ಅವರ ಹೆಜ್ಜೆಗೂ ಗಾಂಭೀರ್ಯ ಬಂತು. ಗೊಜಿರಾನ ಉಸಿರಿಗೆ ಕರಗಿ ಬಾಗುವ ಹೈ-ಟೆನ್ಷನ್ ವಿದ್ಯುತ್ ಗೋಪುರಗಳು ಮೇಣದವು. ಬಿಸಿ ದೀಪ ಹಿಡಿದಾಗ ಅವು ಕುಸಿದವು.

ಬಣ್ಣ ಆ ಹೊತ್ತಿಗಾಗಲೇ ಜಪಾನಿಗೆ ಬಂದಿತ್ತು. ಬಣ್ಣದ ಜಪಾನಿ ಚಿತ್ರ ‘ಗೇಟ್ ಆಫ್ ಹೆಲ್’ ಅದೇ ವರ್ಷ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತ್ತು. ಆದರೆ ಬಣ್ಣದ ಫಿಲ್ಮ್ ದುಬಾರಿ, ಟ್ರಿಕ್ ಕೆಲಸಕ್ಕಂತೂ ಇನ್ನೂ ತೊಡಕು. ಬೇರೆ ಬೇರೆ ತೆಗೆದ ಎರಡು ಚಿತ್ರಗಳನ್ನು ಒಂದೇ ಫ್ರೇಮಿನಲ್ಲಿ ಕೂಡಿಸಿದಾಗ ಅಂಚಿನಲ್ಲೊಂದು ಗೆರೆ ಉಳಿಯುತ್ತದೆ. ಬಣ್ಣದಲ್ಲಿ ಅದು ಎದ್ದು ಕಾಣುತ್ತದೆ, ಕಪ್ಪು-ಬಿಳುಪಿನ ಇರುಳಿನಲ್ಲಿ ಕರಗಿಹೋಗುತ್ತದೆ. ಟೋಕಿಯೊ ಮೇಲಿನ ದಾಳಿ ನಡೆಯುವುದು ರಾತ್ರಿ. ರಬ್ಬರಿನ ಮಡಿಕೆಗಳು ಕತ್ತಲೆಗೆ ಸೇರಿ, ಉರಿಯುವ ನಗರದ ಮುಂದೆ ಕಾಣುವುದು ಒಂದು ಕರಿ ಆಕಾರ ಮಾತ್ರ. ಅದರ ಒರಟು ಚರ್ಮ ಬಾಂಬಿನಿಂದ ಬದುಕುಳಿದವರ ಸುಟ್ಟಗಾಯದ ಕಲೆಗಳನ್ನು ನೆನಪಿಸುತ್ತದೆ ಎಂದು ಹಲವರು ಬರೆದಿದ್ದಾರೆ.

ಕೈಗವಸಿನಿಂದ ಬಂದ ಗರ್ಜನೆ

ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಹೊಕ್ಕೈಡೊ ದ್ವೀಪದವರು. ಗೊಜಿರಾನ ಗರ್ಜನೆಗೆ ಮೃಗಾಲಯದ ಪ್ರಾಣಿಗಳ ಕೂಗನ್ನೆಲ್ಲ ಹಿಡಿದುತಂದು ನೋಡಿದರೂ ಯಾವುದೂ ಒಪ್ಪಲಿಲ್ಲ. ಕೊನೆಗೆ ಇಫುಕುಬೆ ಡಬಲ್ ಬಾಸ್ ಎಂಬ ಆಳೆತ್ತರದ ಪಿಟೀಲಿನ ತಂತಿ ಸಡಿಲಿಸಿ, ರಾಳ ಸವರಿದ ಚರ್ಮದ ಕೈಗವಸಿನಿಂದ ಅದನ್ನು ಉಜ್ಜಿಸಿದರು. ಆ ಸದ್ದನ್ನು ನಿಧಾನಗೊಳಿಸಿದಾಗ ಅರ್ಧ ಕೋಪ, ಅರ್ಧ ಸಂಕಟದ ಕೂಗೊಂದು ಹುಟ್ಟಿತು. ಅದರ ಛಾಯೆ ಇಂದಿನ ಗಾಡ್ಜಿಲಾ ಚಿತ್ರಗಳಲ್ಲೂ ಕೇಳುತ್ತದೆ.

ಸುದ್ದಿಚಿತ್ರವೋ, ಕಥಾಚಿತ್ರವೋ?

ಚಿತ್ರದ ಜೀವಾಳ ಇರುವುದು ಗೊಜಿರಾ ಕಡಲಿಗೆ ಮರಳಿದ ಮೇಲಿನ ದೃಶ್ಯಗಳಲ್ಲಿ. ಬೆಳಗಾಗಿದೆ. ಆಸ್ಪತ್ರೆಯ ಪಡಸಾಲೆಯಲ್ಲೆಲ್ಲ ಗಾಯಾಳುಗಳು. ಮಗುವೊಂದರ ಮುಂದೆ ಗೈಗರ್ ಕೌಂಟರ್ ಹಿಡಿದ ವೈದ್ಯರು ತಲೆಯಾಡಿಸುತ್ತಾರೆ. ಹಿಂದಿನ ರಾತ್ರಿ ಬೆಂಕಿಯ ನಡುವೆ ಗೋಡೆಗೊರಗಿದ ತಾಯಿಯೊಬ್ಬಳು ಇನ್ನೇನು ಅಪ್ಪನ ಬಳಿ ಹೋಗುತ್ತೇವೆಂದು ಮಕ್ಕಳನ್ನು ತಬ್ಬಿಕೊಂಡಿದ್ದಳು. ಅಪ್ಪ ಎಲ್ಲಿದ್ದಾನೆಂದು 1954ರ ಪ್ರೇಕ್ಷಕರು ಕೇಳಬೇಕಿರಲಿಲ್ಲ. ಒಂಬತ್ತು ವರ್ಷಗಳ ಹಿಂದೆ, 1945ರ ಮಾರ್ಚ್ 10ರ ಬಾಂಬ್ ದಾಳಿಯಲ್ಲಿ, ಇದೇ ಟೋಕಿಯೊದಲ್ಲಿ ಒಂದೇ ರಾತ್ರಿ ಸುಮಾರು ಒಂದು ಲಕ್ಷ ಮಂದಿ ಸುಟ್ಟುಹೋಗಿದ್ದರು.

ಇನ್ನೊಂದು ಸಂಗತಿಯೂ ಇದೆ. ಅಮೆರಿಕದ ಆಡಳಿತವಿದ್ದಷ್ಟು ಕಾಲ ಜಪಾನಿನಲ್ಲಿ ಅಣುಬಾಂಬಿನ ಚಿತ್ರಗಳ ಮೇಲೆ ಸೆನ್ಸಾರ್ ಕಣ್ಣಿತ್ತು. 1952ರ ಏಪ್ರಿಲಿನಲ್ಲಿ ಆ ಆಡಳಿತ ಮುಗಿದ ಮೇಲೆ, ಆಗಸ್ಟ್‌ನಲ್ಲಿ ‘ಅಸಾಹಿ ಗ್ರಾಫ್’ ಪತ್ರಿಕೆ ಹಿರೋಶಿಮಾ, ನಾಗಾಸಾಕಿಗಳ ಫೋಟೊಗಳನ್ನು ವಿಶೇಷ ಸಂಚಿಕೆಯಾಗಿ ತಂದಿತು. ದೇಶದ ಬಹುಪಾಲು ಜನ ಅಣುಬಾಂಬ್ ಮಾಡಿದ್ದೇನೆಂದು ಕಂಡದ್ದು ಅಂಥ ಕಪ್ಪು-ಬಿಳುಪು ಫೋಟೊಗಳಲ್ಲೇ. ಎರಡು ವರ್ಷಗಳ ನಂತರ ‘ಗೊಜಿರಾ’ದ ಆಸ್ಪತ್ರೆ ತೆರೆಗೆ ಬಂದಾಗ ಅದಕ್ಕೂ ಅದೇ ಬೂದು, ಅದೇ ಕಾಳುಕಾಳು ಬೆಳಕು. ಕಟ್ಟುಕಥೆಗೂ ದಾಖಲೆಗೂ ನಡುವಿನ ಗೋಡೆ ಅಲ್ಲಿ ಬಿದ್ದುಹೋಯಿತು. ದುಡ್ಡಿನ ಲೆಕ್ಕದಲ್ಲಿ ಬಂದ ಕಪ್ಪು-ಬಿಳುಪು ಚಿತ್ರಕ್ಕೆ ಸಾಕ್ಷಿಯ ತೂಕ ಕೊಟ್ಟಿತು. ಅದು ಹಳತಾಗದಿರುವುದು ಇದಕ್ಕೇ ಎಂದು ನನಗನಿಸುತ್ತದೆ.

ರಾಕ್ಷಸನನ್ನು ಕೊಲ್ಲುವ ಬಗೆಯೂ ಹಾಗೇ. ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ವಿಜ್ಞಾನಿ ಸೆರಿಜಾವಾ ನೀರಿನ ಆಮ್ಲಜನಕವನ್ನೇ ನಾಶಮಾಡುವ ಅಸ್ತ್ರವೊಂದನ್ನು ಕಂಡುಹಿಡಿದಿದ್ದಾನೆ. ಬಾಂಬಿನ ನಂತರ ಇದೂ ರಾಜಕಾರಣಿಗಳ ಕೈಸೇರಿದರೆ ಎಂಬುದೇ ಅವನ ಹೆದರಿಕೆ. ಟಿಪ್ಪಣಿಗಳನ್ನೆಲ್ಲ ಸುಟ್ಟು, ಅಸ್ತ್ರದೊಂದಿಗೆ ಕಡಲಿಗಿಳಿದು, ತಲೆಯಲ್ಲಿರುವ ಸೂತ್ರವೂ ಉಳಿಯಬಾರದೆಂದು ತನ್ನ ಉಸಿರಿನ ಕೊಳವೆಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ಗೆದ್ದವರ ಮುಖದಲ್ಲಿ ಸಂಭ್ರಮವೇ ಇಲ್ಲ.

ಕತ್ತರಿ ಬಿತ್ತು, ಬಣ್ಣ ಬಂತು

1954ರ ನವೆಂಬರ್ 3ರಂದು ಬಿಡುಗಡೆಯಾದ ಚಿತ್ರವನ್ನು ಸುಮಾರು 96 ಲಕ್ಷ ಜನ ನೋಡಿದರು. ಜನರ ದುಃಖವನ್ನು ಮಾರಿಕೊಂಡಿದ್ದಾರೆ ಎಂದು ಬೈದ ವಿಮರ್ಶಕರೂ ಇದ್ದರು. 1956ರಲ್ಲಿ ಅಮೆರಿಕಕ್ಕೆ ಹೋದಾಗ ಚಿತ್ರಕ್ಕೆ ಕತ್ತರಿ ಬಿತ್ತು. 96 ನಿಮಿಷ 80ಕ್ಕೆ ಇಳಿಯಿತು. ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನಾಗಿಸಿ ಹೊಸ ದೃಶ್ಯಗಳನ್ನು ತುರುಕಿದರು. ನಾಗಾಸಾಕಿಯಿಂದ ಜೀವ ಉಳಿಸಿಕೊಂಡು ಬಂದೆನೆಂದು ರೈಲಿನಲ್ಲಿ ಹೆಂಗಸೊಬ್ಬಳು ಆಡುವ ಮಾತು ಅಲ್ಲಿನವರ ಕಿವಿಗೆ ಬೀಳಲೇ ಇಲ್ಲ. ಜಪಾನಿ ಮೂಲ ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ತೆರೆಕಂಡದ್ದು 2004ರಲ್ಲಿ.

1962ರ ‘ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲಾ’ದೊಂದಿಗೆ ಗೊಜಿರಾನಿಗೆ ಬಣ್ಣ ಬಂತು, ಬಣ್ಣದ ಜತೆ ಕುಸ್ತಿಯೂ ಬಂತು. ಮುಂದೆ ಅದು ಮಕ್ಕಳ ಗೆಳೆಯನಾಗಿ ಭೂಮಿಯನ್ನು ಕಾಯತೊಡಗಿತು. ಮತ್ತೆ ಮೂಲದ ನೋವಿಗೆ ಮರಳಿದವರಲ್ಲಿ ಒಬ್ಬರು ತಕಾಶಿ ಯಮಾಜಾಕಿ. ಅವರ ‘ಗಾಡ್ಜಿಲಾ ಮೈನಸ್ ಒನ್’ 2023ರಲ್ಲಿ ಬಣ್ಣದಲ್ಲಿ ಬಂದು, ಮುಂದೆ ಆಸ್ಕರ್‌ನಲ್ಲಿ ದೃಶ್ಯ ಪರಿಣಾಮಗಳ ಪ್ರಶಸ್ತಿಯನ್ನೂ ಪಡೆಯಿತು. 2024ರ ಜನವರಿಯಲ್ಲಿ ಅದೇ ಚಿತ್ರವನ್ನು ಬಣ್ಣ ತೆಗೆದು, ಕಪ್ಪು-ಬಿಳುಪಿನಲ್ಲಿ ಮತ್ತೆ ಬಿಡುಗಡೆ ಮಾಡಿದರು. ಹೊಂಡಾ, ತ್ಸುಬುರಾಯಾ ಅವರಿಗೆ ಅನಿವಾರ್ಯವಾಗಿದ್ದದ್ದನ್ನು ಇವರು ಬೇಕೆಂದೇ ಆರಿಸಿಕೊಂಡರು.

ಇಂಥ ಪರೀಕ್ಷೆಗಳು ಮುಂದುವರಿದರೆ ಜಗತ್ತಿನ ಯಾವುದೋ ಮೂಲೆಯಲ್ಲಿ ಇನ್ನೊಂದು ಗೊಜಿರಾ ಏಳಬಹುದು ಎಂದು ಮೊದಲ ಚಿತ್ರದ ಕೊನೆಯಲ್ಲಿ ಪ್ರೊಫೆಸರ್ ಯಮಾನೆ ಹೇಳುತ್ತಾರೆ. ಚಿತ್ರೋದ್ಯಮ ಇದನ್ನು ಮುಂದಿನ ಭಾಗಕ್ಕೆ ಸಿಕ್ಕ ಪರವಾನಗಿಯೆಂದುಕೊಂಡು ಮೂವತ್ತಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿತು. ಪರೀಕ್ಷೆಗಳೂ ನಿಲ್ಲಲಿಲ್ಲ. 1945ರಿಂದ ಈಚೆಗೆ ಜಗತ್ತು ಎರಡು ಸಾವಿರಕ್ಕೂ ಹೆಚ್ಚು ಅಣ್ವಸ್ತ್ರ ಪರೀಕ್ಷೆಗಳನ್ನು ಕಂಡಿದೆ. ಅದರಲ್ಲಿ ನಮ್ಮ ಪೋಖ್ರಾನ್‌ ಪಾಲೂ ಇದೆ. 1996ರ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದ ಇನ್ನೂ ಜಾರಿಗೆ ಬಂದಿಲ್ಲ, ಪರೀಕ್ಷೆ ನಿಲ್ಲಿಸಿ ಎಂದು 1954ರಲ್ಲೇ ಕೇಳಿದ್ದ ಭಾರತವೂ ಅದಕ್ಕೆ ಸಹಿ ಹಾಕಿಲ್ಲ. ಯಮಾನೆಯವರ ‘ಮುಂದುವರಿದರೆ’ ಎಂಬ ಮಾತಿಗೆ ಅಂದು ಇದ್ದ ಅರ್ಥ ಇಂದಿಗೂ ಹಾಗೇ ಇದೆ.