ಅಡಿಕೆ ಮರದ ಓತಿಯೂ ನಮ್ಮ ಕ್ಯಾಮೆರಾವೂ

ಅಡಿಕೆ ತೋಟದಲ್ಲಿ ದಿನವೂ ಓಡಾಡುವ ಸದಸ್ಯ ಬಂಧುಗಳಿಗೆ ಹಾರುವ ಓತಿಯ ಪರಿಚಯ ಮಾಡಿಕೊಡ ಹೊರಟರೆ ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾದೀತು. ಮರದ ತೊಗಟೆಯ ಬಣ್ಣದಲ್ಲೇ ಅಂಟಿಕೊಂಡಿರುವ ಇದು ಅಲುಗಾಡುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಒಣಗಿದ ಎಲೆಯೊಂದು ಈ ಮರದಿಂದ ಆ ಮರಕ್ಕೆ ತೇಲಿಹೋಯಿತೆಂದು ನಾವು ತಿರುಗಿ ನೋಡುವಷ್ಟರಲ್ಲಿ ಮತ್ತೆ ತೊಗಟೆಯಾಗಿರುತ್ತದೆ. ಇದನ್ನು ನೋಡಿದವರು ನಮ್ಮಲ್ಲಿ ಬಹಳ ಮಂದಿ. ಫೋಟೋ ತೆಗೆದವರು ಎಷ್ಟು ಮಂದಿ? ಕಳೆದ ಸಲ ಸಂಘದ ಗೋದಾಮಿನಲ್ಲಿ ಅಡಿಕೆ ತೂಕಕ್ಕೆ ಕಾಯುತ್ತ ಕುಳಿತಿದ್ದಾಗ ಹತ್ತು ಹನ್ನೆರಡು ಜನರನ್ನು ಕೇಳಿದೆವು. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವ ಫೋನು. ಒಳಗಿದ್ದದ್ದು ಮದುವೆಯ ಚಿತ್ರ, ಕೊಳೆ ಬಂದ ಅಡಿಕೆಯ ಚಿತ್ರ, ಕಾಫಿ ಗಿಡದ ಕಾಂಡಕೊರಕದ ಚಿತ್ರ. ಓತಿ ಯಾರಲ್ಲೂ ಇರಲಿಲ್ಲ.

ನಾವೂ ಇದಕ್ಕೆ ಹೊರತಲ್ಲ. 2019ರ ಜನವರಿಯಲ್ಲಿ ನಮ್ಮ ತೋಟದಲ್ಲಿ ಕೊನೆ ಕೊಯ್ಲು ನಡೆದಿತ್ತು. ಮರದ ಮೇಲಿದ್ದ ಕೊನೆಗಾರ "ಅಯ್ಯಾ, ಓತಿ ಹಾರ್ತು ನೋಡಿ" ಎಂದು ಕೂಗಿದ. ನೋಡಿದೆವು. ಫೋನು ಮಾತ್ರ ಪಂಪ್ ಮನೆಯ ಮೊಳೆಗೆ ನೇತುಹಾಕಿದ್ದ ಅಂಗಿಯ ಜೇಬಿನಲ್ಲಿತ್ತು. ಎರಡನೆಯ ಸಲ ಫೋನು ಕೈಯಲ್ಲೇ ಇತ್ತು. ಬೀಗ ತೆರೆದು, ಕ್ಯಾಮೆರಾ ಎಲ್ಲಿದೆಯೆಂದು ಹುಡುಕಿ, ಮಣ್ಣಿನ ಬೆರಳನ್ನು ಪಂಚೆಗೆ ಒರೆಸಿಕೊಂಡು ಎತ್ತಿ ಹಿಡಿಯುವಾಗ ಓತಿ ಮೂರನೆಯ ಸಾಲು ದಾಟಿತ್ತು. ಮೂರನೆಯ ಸಲ ಎಲ್ಲವೂ ಸರಿಯಿತ್ತು. ಅಡಿಕೆ ಮರದ ಕಾಂಡದ ಅತ್ಯುತ್ತಮ ಚಿತ್ರವೊಂದು ಬಂತು, ಓತಿಯಿಲ್ಲದೆ.

ಇಷ್ಟಾದ ಮೇಲೆ ಹಟ ಹುಟ್ಟಿತು. ಮಗನ ಹಳೆಯ ಡಿಜಿಟಲ್ ಕ್ಯಾಮೆರಾ ಇಸಿದುಕೊಂಡು, ಬೆಳಗಿನ ತಿಂಡಿ ಮುಗಿಸಿ ತೋಟಕ್ಕಿಳಿದು ಮರದ ಬುಡದಲ್ಲಿ ಕೂರಲಾರಂಭಿಸಿದೆವು. ಮನೆಯಲ್ಲಿ ಇದಕ್ಕೆ ಏನು ಹೇಳಿದರೆಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಕೂತು ನೋಡಿದ ಮೇಲೆ ತಿಳಿದದ್ದು ಇಷ್ಟು. ಬಿಸಿಲು ಏರುವವರೆಗೆ ಓತಿ ಅಲುಗುವುದಿಲ್ಲ. ಎಳೆ ಬಿಸಿಲು ಕಾಂಡದ ಮೇಲೆ ಬಿದ್ದಾಗ ಮೈ ಕಾಯಿಸಿಕೊಂಡು, ಸಾಲುಗಟ್ಟಿ ಹರಿಯುವ ಇರುವೆಗಳನ್ನು ಒಂದೊಂದಾಗಿ ನೆಕ್ಕುತ್ತದೆ. ಇರುವೆಯೇ ಇದರ ಮುಖ್ಯ ಆಹಾರ. ಗಂಡಿಗೆ ಗಂಟಲ ಕೆಳಗೆ ಹಳದಿ ಬಣ್ಣದ ಚೀಲವಿದೆ. ಪಕ್ಕದ ಮರದಲ್ಲಿ ಇನ್ನೊಂದು ಗಂಡು ಕಂಡರೆ ಆ ಚೀಲವನ್ನು ಬಾವುಟದಂತೆ ಮುಂದಕ್ಕೆ ಚಾಚಿ ಮಡಿಸಿ ಮಾಡುತ್ತದೆ. ಇದೇ ನಮಗೆ ಸೂಚನೆ. ಬಾವುಟ ಎದ್ದರೆ ಸ್ವಲ್ಪ ಹೊತ್ತಿನಲ್ಲಿ ಯಾರಾದರೊಬ್ಬರು ಹಾರುತ್ತಾರೆ.

ಹಾರುವ ಮುನ್ನ ಅದು ಕಾಂಡದಲ್ಲಿ ಮೇಲಕ್ಕೆ ಸರಿಯುತ್ತದೆ. ಮೊದಲು ತಲೆ ಕೆಳಗಾಗಿ ಧುಮುಕಿ, ಆಮೇಲೆ ಪಕ್ಕೆಯ ಪೊರೆ ಬಿಚ್ಚಿ ತೇಲುತ್ತದೆ. ಮುಟ್ಟುವ ಹೊತ್ತಿಗೆ ತುಸು ಮೇಲೆದ್ದು ಕಾಂಡ ಹಿಡಿಯುತ್ತದೆ. ಬಿಟ್ಟ ಎತ್ತರಕ್ಕಿಂತ ಕೆಳಗೇ ಕೂರುವುದು ನಿಯಮ. ಮತ್ತೆ ಹತ್ತುತ್ತದೆ, ಮತ್ತೆ ಹಾರುತ್ತದೆ. ಒಂಬತ್ತು ಅಡಿಗೊಂದರಂತೆ ಮರ ನೆಟ್ಟ ನಮ್ಮ ತೋಟಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಆದ್ದರಿಂದ ಹಾರುವ ಓತಿಯನ್ನು ಕ್ಯಾಮೆರಾದಲ್ಲಿ ಅಟ್ಟಿಸಿಕೊಂಡು ಹೋಗುವುದು ದಡ್ಡತನ. ಅದು ಎಲ್ಲಿ ಕೂರಬಹುದೋ ಆ ಮರದ ಕಾಂಡಕ್ಕೆ ಮೊದಲೇ ಫೋಕಸ್ ಮಾಡಿ, ಸೆಕೆಂಡಿನ ಸಾವಿರದಲ್ಲೊಂದು ಭಾಗ ಅಥವಾ ಅದಕ್ಕೂ ಕಡಿಮೆ ಹೊತ್ತು ಬೆಳಕು ಬೀಳುವಂತೆ ಇಟ್ಟುಕೊಂಡು, ಒಂದೇ ಸಮನೆ ಹತ್ತಾರು ಚಿತ್ರ ಹೊಡೆಯಬೇಕು. ತೋಟದ ನೆರಳಿನಲ್ಲಿ ಇಷ್ಟು ವೇಗಕ್ಕೆ ಬೆಳಕು ಸಾಲದು. ಸೋಗೆಗಳ ಸಂದಿಯಿಂದ ಬಿಸಿಲಿನ ಕೋಲು ಬೀಳುವ ಕಾಂಡವನ್ನೇ ಆರಿಸಿಕೊಳ್ಳಬೇಕು. ಫೋನಿನಲ್ಲಾದರೆ ನಿಧಾನಗತಿಯ ವಿಡಿಯೋ ತೆಗೆದು ಬೇಕಾದ ಚಿತ್ರವನ್ನು ಅದರಿಂದ ಬಿಡಿಸಿಕೊಳ್ಳಬಹುದು. ರೀಲಿಗೆ 36 ಚಿತ್ರವಿದ್ದ ಕಾಲದಲ್ಲಿ ಇದು ಸಾಮಾನ್ಯರ ಕೈಗೆಟುಕುವ ಮಾತಾಗಿರಲಿಲ್ಲ. ಅಂದು ಓತಿಗಾಗಿ ರೀಲು ಕಳೆದವನಿಗೆ ಮಗಳ ಮದುವೆಗೆ ರೀಲು ಉಳಿಯುತ್ತಿರಲಿಲ್ಲ.

ಒಂದು ಸೆಕೆಂಡಿನ ಈ ಹಾರಾಟದಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳುವವರಿದ್ದಾರೆ. ಪಕ್ಕೆಲುಬುಗಳೇ ಉದ್ದ ಬೆಳೆದು ಪೊರೆಯನ್ನು ಕೊಡೆಯ ಕಡ್ಡಿಗಳಂತೆ ಹಿಡಿದಿರುತ್ತವೆಂಬುದು ಪುಸ್ತಕಗಳಲ್ಲಿ ಬಹುಕಾಲದಿಂದ ಇದ್ದ ಮಾತು. ಆದರೆ ಹಾರುವಾಗ ಮುಂಗೈಗಳು ಏನು ಮಾಡುತ್ತವೆ? ಅದನ್ನು ಯಾರೂ ಸರಿಯಾಗಿ ಗಮನಿಸಿರಲಿಲ್ಲ. ಡೆಹ್ಲಿಂಗ್ ಎಂಬ ಜರ್ಮನಿಯ ವಿಜ್ಞಾನಿ ನಮ್ಮ ಆಗುಂಬೆಯ ಆಸುಪಾಸಿನಲ್ಲಿ ಇದೇ ಓತಿಯನ್ನು ಕಾದು ಕುಳಿತು ಸಾಲುಸಾಲು ಫೋಟೋ ತೆಗೆದರು. ಜಿಗಿದ ಮೇಲೆ ಓತಿ ಎರಡೂ ಕೈಗಳನ್ನು ಹಿಂದಕ್ಕೆ ತಂದು ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ, ಕಾಂಡ ಸಮೀಪಿಸಿದಾಗ ಬಿಡುತ್ತದೆ ಎಂಬುದು ಆ ಚಿತ್ರಗಳಲ್ಲಿ ಕಂಡಿತು. 2017ರಲ್ಲಿ ಅದು ಪ್ರಕಟವಾಯಿತು. ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರರಾಗಿದ್ದ ಪೂರ್ಣಚಂದ್ರ ತೇಜಸ್ವಿಯವರು 1980ರ 'ಕರ್ವಾಲೊ' ಕಾದಂಬರಿಯಲ್ಲಿ ಹಾರುವ ಓತಿಯೊಂದರ ಹಿಂದೆ ಒಂದು ತಂಡವನ್ನೇ, ಫೋಟೋಗ್ರಾಫರನ ಸಮೇತ, ಕಾಡು ಅಲೆಸಿದ್ದನ್ನು ಓದಿದವರಿಗೆ ಇದು ವಿಶೇಷವೆನಿಸೀತು. ನಮಗಂತೂ ಹೊಟ್ಟೆ ಉರಿಯಿತು. "ಕೈ ಎಲ್ಲೋ ಸೇರಿಹೋಗಿದೆ, ಚಿತ್ರ ಕೆಟ್ಟಿದೆ" ಎಂದು ನಾವೇ ಅಳಿಸಿಹಾಕಿದ ಚಿತ್ರಗಳು ಎರಡೋ ಮೂರೋ ಇದ್ದವು. ಕೆಟ್ಟ ಚಿತ್ರವನ್ನು ಅವಸರದಲ್ಲಿ ಅಳಿಸಬೇಡಿ.

ಕಾಫಿಯವರಿಗೂ ಒಂದು ಮಾತು. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆಂದು ತಾವು ಬಲ್ಲಿರಿ. ಹೂವಿನ ಚಿತ್ರಕ್ಕೆ ಹೋಗುವ ದಿನ ನೆರಳಿನ ಮರಗಳ ಕಾಂಡವನ್ನೂ ನೋಡಿ, ಓತಿ ಅಲ್ಲೂ ಇರುತ್ತದೆ. ಫೋನು ಮೇಲಿನ ಜೇಬಿನಲ್ಲಿರಲಿ, ಗಾಜು ಒರೆಸಿರಲಿ, ಬೀಗ ತೆರೆಯದೆಯೇ ಕ್ಯಾಮೆರಾ ಬರುವ ಗುಂಡಿ ಯಾವುದೆಂದು ಮಕ್ಕಳಿಂದ ಕಲಿತಿರಿ. ಓತಿಯನ್ನು ಹಿಡಿದು ತಂದು, ಎಸೆದು ಹಾರಿಸಿ ಫೋಟೋ ತೆಗೆಯುವವರನ್ನು ನಾವು ಕಂಡಿದ್ದೇವೆ. ಅಂಥವರನ್ನು ತೋಟಕ್ಕೆ ಬಿಡಬಾರದು.

ಇನ್ನು ನಡೆದ ಸಂಗತಿ. ಕಳೆದ ಮಾರ್ಚ್ ಕೊನೆಯಲ್ಲಿ ಹಾರಾಟದ ಒಳ್ಳೆಯ ಚಿತ್ರ ಇನ್ನೂ ಸಿಕ್ಕದೆ, ಬಿಸಿಲಿನ ಕೋಲು ಬಿದ್ದ ಕಾಂಡಕ್ಕೆ ಕಣ್ಣು ನೆಟ್ಟು ಕುಳಿತಿದ್ದೆವು. ಎಡಗಡೆ ಎರಡು ಮಾರು ದೂರದಲ್ಲಿ ದರಗಿನ ಮೇಲೆ ಏನೋ ಸರಬರವೆಂದಿತು. ಹಾವಿರಬೇಕೆಂದು ಕಾಲು ಹಿಂದೆಳೆದುಕೊಂಡೆವು. ಓತಿ! ಮರ ಬಿಟ್ಟು ಇಳಿಯದ ಪ್ರಾಣಿ ನೆಲದಲ್ಲಿ. ಹೆಣ್ಣು ಮೊಟ್ಟೆಯಿಡಲು ಮಾತ್ರ ನೆಲಕ್ಕೆ ಬರುತ್ತದೆಂದು ಓದಿದ್ದೆವು, ಕಂಡಿರಲಿಲ್ಲ. ಮನಸ್ಸೆಲ್ಲ ಹಾರಾಟದಲ್ಲಿದ್ದುದರಿಂದ ಕ್ಯಾಮೆರಾ ತಿರುಗಿಸಬೇಕೆಂದು ಹೊಳೆಯಲು ಅರೆ ನಿಮಿಷ ಬೇಕಾಯಿತು. ಪುಣ್ಯಕ್ಕೆ ಅದಕ್ಕೆ ಅವಸರವಿರಲಿಲ್ಲ. ಮೂತಿಯಿಂದಲೇ ಮಣ್ಣನ್ನು ತಿವಿದು ತಿವಿದು ಕುಳಿ ಮಾಡಿತು, ತಿರುಗಿ ಕುಳಿತು ಮೊಟ್ಟೆಯಿಟ್ಟಿತು, ಮತ್ತೆ ಮೂತಿಯಿಂದಲೇ ಮಣ್ಣು ಮುಚ್ಚಿ ತಟ್ಟಿತು. ಕಾಲು ಜೋಮು ಹಿಡಿದಿತ್ತು, ಏಳಲಿಲ್ಲ. ನಲವತ್ತು ಚಿತ್ರ ಬಂದವು, ಅರ್ಧದಷ್ಟು ಸ್ಪಷ್ಟ.

ಅದು ಮೊಟ್ಟೆಯಿಟ್ಟ ಜಾಗ ಮರದ ಬುಡದಿಂದ ಒಂದು ಮೊಳ. ಮರುದಿನ ಬೆಳಿಗ್ಗೆಯಿಂದ ಅದೇ ಸಾಲಿನಲ್ಲಿ ಬುಡ ಬಿಡಿಸಿ ಗೊಬ್ಬರ ಹಾಕಲು ಆರು ಆಳುಗಳಿಗೆ ಹೇಳಿಯಾಗಿತ್ತು. ಚಿತ್ರ ನೋಡುತ್ತ ಕುಳಿತ ರಾತ್ರಿ ಹಳೆಯದೊಂದು ನೆನಪಾಯಿತು. ಹಿಂದಿನ ವರ್ಷಗಳಲ್ಲಿ ಗುದ್ದಲಿಗೆ ಸಣ್ಣ ಬಿಳಿ ಮೊಟ್ಟೆ ಸಿಕ್ಕಾಗ ಯಾವುದೋ ಹಲ್ಲಿಯದೆಂದು ಎಷ್ಟು ಸಲ ಬದಿಗೆಸೆದಿದ್ದೇವೋ. ಇರುವೆ ತಿಂದು ನಮ್ಮ ಮರದಲ್ಲೇ ಬದುಕುವ ಜೀವದ ಸಂತಾನ ಅದೆಂದು ಆಗ ಗೊತ್ತಿರಲಿಲ್ಲ.

ಬೆಳಿಗ್ಗೆ ಆಳುಗಳು ಬರುವ ಮೊದಲೇ ಹೋಗಿ ಆ ಜಾಗದ ಸುತ್ತ ನಾಲ್ಕು ಗೂಟ ಹೊಡೆದು ಬಾಳೆ ನಾರು ಕಟ್ಟಿದೆವು. ಬಂದವರಿಗೆ ಕ್ಯಾಮೆರಾದಲ್ಲಿದ್ದ ಚಿತ್ರ ತೋರಿಸಿದೆವು. ಬರಿಯ ಮಾತಿನಲ್ಲಿ ಹೇಳಿದ್ದರೆ ನಕ್ಕು ಬಿಡುತ್ತಿದ್ದರೇನೋ. ಚಿತ್ರ ನೋಡಿದ ಹಿರಿಯ ಆಳು, "ಹಂಗಾರೆ ಆಚೆ ಸಾಲಲ್ಲೂ ನೋಡ್ಕಂಡೇ ಗುದ್ದಲಿ ಹಾಕ್ಬೇಕು" ಎಂದು ಮುಂದೆ ನಡೆದ. ಆ ದಿನ ಕೆಲಸ ನಾಲ್ಕು ಮರದಷ್ಟು ಹಿಂದೆ ಬಿತ್ತು.

ಮೇ ತಿಂಗಳ ಮೂರನೆಯ ವಾರ ಒಂದು ಬೆಳಿಗ್ಗೆ ಗೂಟಗಳ ನಡುವೆ ಮಣ್ಣು ಬಿರಿದು ಹೆಬ್ಬೆರಳು ಹಿಡಿಯುವಷ್ಟು ತೂತು ಬಿದ್ದಿತ್ತು. ಮರಿಗಳು ಮೇಲೆ ಹೋಗಿಯಾಗಿದ್ದವೋ, ಬೇರೇನಾದರೂ ಆಗಿತ್ತೋ ತಿಳಿಯದು. ಸುತ್ತಲಿನ ಹತ್ತು ಮರಗಳ ಕಾಂಡವನ್ನು ಬುಡದಿಂದ ಸೋಗೆಯವರೆಗೆ ಕ್ಯಾಮೆರಾ ಹಿಡಿದೇ ಹುಡುಕಿದೆವು. ಏನೂ ಕಾಣಲಿಲ್ಲ. ಮಳೆ ಹಿಡಿಯುವ ಮುನ್ನ ಆ ಮರಕ್ಕೂ ಗೊಬ್ಬರ ಹಾಕಿ ಮುಗಿಸಿದೆವು.