ಸೇಬಿನ ಬ್ರಾಂಡಿಗೆ ನಿಂಬೆ ಹಿಂಡಿದರೆ ಅಮಲು ಏರುವುದಿಲ್ಲವೇ?

"ಸೇಬಿನ ಬ್ರಾಂಡಿ 60 ಎಂಎಲ್, ನಿಂಬೆರಸ, ದಾಳಿಂಬೆ ಸಿರಪ್. ಎಲ್ಲಾ ಹಣ್ಣೇ! ನಿಂಬೆ ಇರುವುದರಿಂದ ತಲೆಗೆ ಏರುವುದಿಲ್ಲ, ಪೊಲೀಸರು ಊದಿಸಿದರೂ ಗೊತ್ತಾಗುವುದಿಲ್ಲ. ಶೀತ, ಕೆಮ್ಮಿಗೆ ರಾಮಬಾಣ, ಮಕ್ಕಳಿಗೂ ಒಂದು ಚಮಚ ಕೊಡಬಹುದು. ಸೇಬಿನ ಬ್ರಾಂಡಿ ಸಿಗದಿದ್ದರೆ ಚಿಂತೆ ಬೇಡ, ಮನೆಯ ಕುಕ್ಕರ್‌ನಲ್ಲೇ ಮಾಡಿಕೊಳ್ಳಿ. ತಪ್ಪದೆ ಶೇರ್ ಮಾಡಿ."

ಬಸವೇಶ್ವರನಗರದ ಓದುಗರೊಬ್ಬರು ತಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಬಂದ ಈ ಸಂದೇಶವನ್ನು ನಮಗೆ ಕಳಿಸಿ, ಇದರಲ್ಲಿ ಎಷ್ಟು ನಿಜ ಎಂದು ಕೇಳಿದ್ದಾರೆ. ಮಳೆಗಾಲ ಬಂತೆಂದರೆ ಇಂಥವು ಹೆಚ್ಚು. ನಾವು ಒಂದೊಂದೇ ಮಾತನ್ನು ಪರಿಶೀಲಿಸಿದೆವು. ಪಾನೀಯವೇನೋ ನಿಜವಾದದ್ದೇ. ಅದರ ಜೊತೆಗೆ ಹೇಳಿರುವ ಮಿಕ್ಕ ಮಾತುಗಳಲ್ಲಿ ಒಂದೂ ನಿಜವಲ್ಲ. ಕೊನೆಯದಂತೂ ಪ್ರಾಣಕ್ಕೇ ಅಪಾಯ.

ಇದು ಯಾವ ಪಾನೀಯ?

ಇದರ ಹೆಸರು 'ಜಾಕ್ ರೋಸ್'. ಅಮೆರಿಕದ ಹಳೆಯ ಕಾಕ್‌ಟೇಲ್. ಅಲ್ಲಿ ಸೇಬಿನ ಬ್ರಾಂಡಿಗೆ 'ಆಪಲ್‌ಜಾಕ್' ಎನ್ನುತ್ತಾರೆ, ಫ್ರಾನ್ಸಿನ ನಾರ್ಮಂಡಿಯಲ್ಲಿ ಮಾಡುವ ಸೇಬಿನ ಬ್ರಾಂಡಿಗೆ 'ಕ್ಯಾಲ್ವಡೋಸ್' ಎಂಬ ಹೆಸರಿದೆ. ಹೆಮಿಂಗ್ವೇ 1926ರಲ್ಲಿ ಪ್ರಕಟಿಸಿದ 'ದ ಸನ್ ಆಲ್ಸೋ ರೈಸಸ್' ಕಾದಂಬರಿಯಲ್ಲೂ ಜಾಕ್ ರೋಸ್ ಬರುತ್ತದೆ.

ಮಾಡುವುದು ಸುಲಭ. ಬ್ರಾಂಡಿ 60 ಎಂಎಲ್, ನಿಂಬೆರಸ 20ರಿಂದ 25 ಎಂಎಲ್, ದಾಳಿಂಬೆ ಸಿರಪ್ 15 ಎಂಎಲ್. ಮೂರನ್ನೂ ಐಸ್ ಜೊತೆ ಮುಚ್ಚಳವಿರುವ ಡಬ್ಬದಲ್ಲಿ ಹಾಕಿ ಚೆನ್ನಾಗಿ ಕುಲುಕಿ ಸೋಸಿದರೆ ಮುಗಿಯಿತು. ನಮ್ಮ ಮಾಮೂಲಿ ನಿಂಬೆಹಣ್ಣೇ ಸರಿಹೋಗುತ್ತದೆ. ಸಿರಪ್‌ಗೆ ದಾಳಿಂಬೆ ರಸ, ಅದರಷ್ಟೇ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿದರೆ ಆಯಿತು. ಅಂಗಡಿಯ ಕೆಂಪು ಬಣ್ಣದ ಬಾಟಲಿಗಿಂತ ಇದೇ ಚೆನ್ನ.

ತೊಡಕಿರುವುದು ಸೇಬಿನ ಬ್ರಾಂಡಿಯಲ್ಲಿ. ರಾಜಾಜಿನಗರದಲ್ಲಾಗಲಿ ಕೆಂಗೇರಿಯಲ್ಲಾಗಲಿ ಎಂಆರ್‌ಪಿ ಅಂಗಡಿಗೆ ಹೋಗಿ ಬ್ರಾಂಡಿ ಕೇಳಿದರೆ ಕೊಡುವುದು ಸೇಬಿನದ್ದಲ್ಲ. ಅಗ್ಗದ ಬ್ರಾಂಡಿಗಳಲ್ಲಿ ಹೆಚ್ಚಿನವಕ್ಕೆ ಮೂಲ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಸ್ಪಿರಿಟ್. ಅದಕ್ಕೆ ದ್ರಾಕ್ಷಿ ಸ್ಪಿರಿಟ್ಟನ್ನೋ ಫ್ಲೇವರನ್ನೋ ಸೇರಿಸಿರುತ್ತಾರೆ. ಅದಕ್ಕೆ ಆಪಲ್ ಜ್ಯೂಸ್ ಬೆರೆಸಿದರೆ ಸೇಬಿನ ರುಚಿಯ ಬ್ರಾಂಡಿ ಆದೀತು, ಸೇಬಿನ ಬ್ರಾಂಡಿ ಆಗುವುದಿಲ್ಲ. ಇನ್ನು ಅಸಲಿ ಸೇಬಿನ ಬ್ರಾಂಡಿಯಲ್ಲೂ 'ಹಣ್ಣಿನ ಸತ್ವ' ಇರುವುದಿಲ್ಲ. ಭಟ್ಟಿ ಇಳಿಸುವಾಗ ಆವಿಯಾಗಿ ಬರುವುದು ಆಲ್ಕೋಹಾಲ್, ನೀರು, ಒಂದಿಷ್ಟು ಪರಿಮಳ. ಸೇಬಿನ ನಾರು, ವಿಟಮಿನ್‌ಗಳು ಕೆಳಗೇ ಉಳಿಯುತ್ತವೆ.

ನಿಂಬೆ ಅಮಲನ್ನು ಇಳಿಸುತ್ತದೆಯೇ?

ಇಲ್ಲ. ಒಂದು ಸಣ್ಣ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ನಮ್ಮ ಬ್ರಾಂಡಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8% ಎಂದು ಬರೆದಿರುತ್ತದೆ. ಅಂದರೆ 60 ಎಂಎಲ್‌ನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 25.7 ಎಂಎಲ್, ತೂಕದಲ್ಲಿ ಸುಮಾರು 20 ಗ್ರಾಂ. ನಿಂಬೆ ಹಿಂಡಿ, ಸಿರಪ್ ಸುರಿದು, ಐಸ್ ಕರಗಿಸಿದ ಮೇಲೆ ಗ್ಲಾಸಿನಲ್ಲಿ ಪ್ರಮಾಣ ಹೆಚ್ಚುತ್ತದೆ, ಆದರೆ ಆ 20 ಗ್ರಾಂ ಹಾಗೇ ಇರುತ್ತದೆ. ನಿಂಬೆಯ ಹುಳಿ ಆಲ್ಕೋಹಾಲನ್ನು ಒಡೆಯುವುದಿಲ್ಲ. ನಮ್ಮ ಹೊಟ್ಟೆಯಲ್ಲೇ ನಿಂಬೆಯನ್ನು ಮೀರಿಸುವ ಆಮ್ಲವಿದೆ. ಹುಳಿಯಿಂದ ಅಮಲು ಇಳಿಯುವುದಾಗಿದ್ದರೆ ಯಾರಿಗೂ ಅಮಲೇ ಏರುತ್ತಿರಲಿಲ್ಲ! ಆಲ್ಕೋಹಾಲನ್ನು ಒಡೆಯುವ ಕೆಲಸ ಮುಖ್ಯವಾಗಿ ಲಿವರ್‌ನದು, ಅದೂ ಗಂಟೆಗೆ ಸುಮಾರು 7ರಿಂದ 10 ಗ್ರಾಂನಂತೆ. ಸಿನಿಮಾದಲ್ಲಿ ಕುಡುಕನಿಗೆ ಮಜ್ಜಿಗೆ, ನಿಂಬೆಹುಳಿ ಕುಡಿಸಿ 'ಇಳಿಸುವ' ದೃಶ್ಯ ನಗಿಸಲಿಕ್ಕೆ ಸರಿ. ಲಿವರ್ ಮಾತ್ರ ಅವಸರ ಮಾಡುವುದಿಲ್ಲ.

ನಿಜ ಹೇಳಬೇಕೆಂದರೆ ಆಗುವುದು ತದ್ವಿರುದ್ಧ. ಬ್ರಾಂಡಿಯ ಘಾಟು ಇದ್ದಾಗ ಗುಟುಕು ಗುಟುಕಾಗಿ ಕುಡಿಯುವವರು, ಹುಳಿ-ಸಿಹಿ ಸೇರಿದಾಗ ಜ್ಯೂಸಿನಂತೆ ಬೇಗ ಮುಗಿಸುತ್ತಾರೆ. ಎರಡನೇ ಗ್ಲಾಸೂ ಬೇಗ ಬರುತ್ತದೆ.

ಪೊಲೀಸರ ವಿಷಯಕ್ಕೆ ಬರೋಣ. ವಾಹನ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ 100 ಎಂಎಲ್‌ಗೆ 30 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. 60 ಕೆಜಿ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಮೇಲಿನ ಒಂದೇ ಗ್ಲಾಸ್ ಕುಡಿದರೂ ಅಂದಾಜು 45ರಿಂದ 50 ಮಿಲಿಗ್ರಾಂಗೆ ಮುಟ್ಟಬಹುದು. ಅದೇ ತೂಕದ ಹೆಂಗಸಿನಲ್ಲಿ ಇನ್ನೂ ಹೆಚ್ಚು. ಊದುವ ಯಂತ್ರ ಅಳೆಯುವುದು ಬಾಯಿಯ ವಾಸನೆಯನ್ನಲ್ಲ, ರಕ್ತದಿಂದ ಶ್ವಾಸಕೋಶಕ್ಕೆ ಬಂದು ಉಸಿರಿನಲ್ಲಿ ಹೊರಬೀಳುವ ಆಲ್ಕೋಹಾಲನ್ನು. ನಿಂಬೆ, ಏಲಕ್ಕಿ, ಸೋಂಪು ಯಾವುದನ್ನು ಅಗಿದರೂ ಅದು ಕಮ್ಮಿಯಾಗದು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ವಿಜಯನಗರದಲ್ಲಿ ಸ್ನೇಹಿತರ ಮನೆಗೆ ಹೋಗುವವರು ಮೆಟ್ರೋದಲ್ಲಿ ಹೋದರೆ ಈ ಲೆಕ್ಕವೇ ಬೇಡ.

ಶೀತಕ್ಕೆ, ಮಕ್ಕಳಿಗೆ?

ಬ್ರಾಂಡಿ ಕುಡಿದಾಗ ಮೈ ಬೆಚ್ಚಗಾದಂತೆ ಅನಿಸುವುದು ಸುಳ್ಳಲ್ಲ. ಚರ್ಮದ ಕೆಳಗಿನ ರಕ್ತನಾಳಗಳು ಹಿಗ್ಗಿ ಬಿಸಿ ರಕ್ತ ಹೊರಮೈಗೆ ಬರುತ್ತದೆ. ಆದರೆ ಆ ಶಾಖ ಅಲ್ಲಿಂದ ಹೊರಗೆ ಹೋಗುವುದರಿಂದ ದೇಹದ ಒಳಗಿನ ಉಷ್ಣತೆ ಇಳಿಯುತ್ತದೆ. ಶೀತ ತರುವ ವೈರಸ್ಸಿಗೆ ಇದರಿಂದ ಏನೂ ಆಗುವುದಿಲ್ಲ. ನಿಂಬೆಯ ವಿಟಮಿನ್ ಸಿ ಎಂದರೆ, 25 ಎಂಎಲ್ ರಸದಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ. ತಳ್ಳುಗಾಡಿಯ ಒಂದು ಸೀಬೆಹಣ್ಣಿನಲ್ಲಿ ಇದರ ಹತ್ತಾರು ಪಟ್ಟು ಇರುತ್ತದೆ. ಅಷ್ಟು ತಿಂದರೂ, ಶೀತ ಶುರುವಾದ ಮೇಲೆ ವಿಟಮಿನ್ ಸಿಯಿಂದ ಖಚಿತ ಪ್ರಯೋಜನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

ಶೀತಕ್ಕೆ ಮಾತ್ರೆ ನುಂಗಿರುವವರಿಗೆ ಒಂದು ಎಚ್ಚರಿಕೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಶೀತದ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಜೊತೆಗೆ ನಿದ್ದೆ ತರಿಸುವ ಅಲರ್ಜಿ ಔಷಧಿಯೂ ಇರುತ್ತದೆ. ಆಲ್ಕೋಹಾಲ್ ಸೇರಿದರೆ ಮಂಪರು ವಿಪರೀತವಾಗುತ್ತದೆ. ನಿತ್ಯ ಕುಡಿಯುವವರಲ್ಲಿ ಪ್ಯಾರಾಸಿಟಮಾಲ್‌ನಿಂದ ಲಿವರ್‌ಗೆ ಪೆಟ್ಟಾಗುವ ಸಂಭವವೂ ಜಾಸ್ತಿ.

ಇನ್ನು ಮಕ್ಕಳಿಗೆ 'ಒಂದು ಚಮಚ'. ಇದು ಫಾರ್ವರ್ಡ್‌ಗಿಂತ ಹಳೆಯದು, ನಮ್ಮಲ್ಲಿ ಹಲವರ ಮನೆಗಳಲ್ಲಿ ಅಜ್ಜಿಯರ ಕಾಲದಿಂದ ನಡೆದುಬಂದದ್ದು. ಅಜ್ಜಿಯರ ಕಾಳಜಿಯನ್ನು ನಾವು ಅನುಮಾನಿಸುವುದಿಲ್ಲ, ಲೆಕ್ಕ ಮಾತ್ರ ನೋಡಿ. 6 ಕೆಜಿ ತೂಕದ ಕೂಸಿಗೆ ಒಂದು ಚಮಚ (5 ಎಂಎಲ್) ಎಂದರೆ 60 ಕೆಜಿಯ ದೊಡ್ಡವರಿಗೆ ಹತ್ತು ಚಮಚ, ಅಂದರೆ 50 ಎಂಎಲ್ ನೀಟ್ ಬ್ರಾಂಡಿ ಕೊಟ್ಟಂತೆ. ಆಲ್ಕೋಹಾಲ್‌ನಿಂದ ಮಕ್ಕಳ ರಕ್ತದಲ್ಲಿ ಸಕ್ಕರೆ ಅಂಶ ಕುಸಿದು ಫಿಟ್ಸ್ ಕೂಡ ಬರಬಹುದು. ಮಗು 'ಸುಮ್ಮನಾಗಿ ಮಲಗಿತು' ಎಂದು ಮನೆಯವರಿಗೆ ಅನಿಸಿದಾಗ ಅದು ವಾಸಿಯಾಗಿ ಮಲಗಿರುವುದಿಲ್ಲ, ಅಮಲಿನಲ್ಲಿ ಮಲಗಿರುತ್ತದೆ.

ಕುಕ್ಕರ್ ಬ್ರಾಂಡಿ

2020ರಲ್ಲಿ ಲಾಕ್‌ಡೌನ್ ಆಗಿ ಮದ್ಯದಂಗಡಿಗಳು ಮೇ 4ರವರೆಗೆ ಮುಚ್ಚಿದ್ದ ದಿನಗಳನ್ನು ನೆನಪಿಸಿಕೊಳ್ಳಿ. ಮನೆಯಲ್ಲೇ ಮದ್ಯ ಮಾಡುವ ವಿಡಿಯೊಗಳನ್ನು ಜನ ಆಗ ಹುಡುಕಿ ನೋಡುತ್ತಿದ್ದರು. ಈ ಸಂದೇಶದ ಕೊನೆಯ ಸಾಲೂ ಅದೇ ಜಾತಿಯದು.

ಸೇಬಿನಲ್ಲಿ ಪೆಕ್ಟಿನ್ ಎಂಬ ಅಂಶ ಹೇರಳ, ಜಾಮ್ ಗಟ್ಟಿಯಾಗುವುದು ಇದರಿಂದಲೇ. ಸೇಬಿನ ರಸ ಹುಳಿಯುವಾಗ ಪೆಕ್ಟಿನ್ ಒಡೆದು ಸ್ವಲ್ಪ ಮೆಥನಾಲ್ ಹುಟ್ಟುತ್ತದೆ. ದೇಹದೊಳಗೆ ಹೋದ ಮೆಥನಾಲ್ ಫಾರ್ಮಿಕ್ ಆಮ್ಲವಾಗಿ ಬದಲಾಗಿ ಕಣ್ಣಿನ ನರವನ್ನು ಸುಡುತ್ತದೆ. ಹುಳಿದ ರಸದಲ್ಲಿ ಇದರ ಪ್ರಮಾಣ ಕಡಿಮೆ, ಭಟ್ಟಿ ಇಳಿಸಿದಾಗ ಸಾಂದ್ರವಾಗುತ್ತದೆ. "ಮೆಥನಾಲ್ 65 ಡಿಗ್ರಿಗೆ ಕುದಿಯುತ್ತದೆ, ಮೊದಲು ಬಂದದ್ದನ್ನು ಚೆಲ್ಲಿದರೆ ಸಾಕು" ಎಂದು ವಿಡಿಯೊಗಳು ಹೇಳುತ್ತವೆ. ಅದು ಅರ್ಧ ಸತ್ಯ. ನೀರು, ಆಲ್ಕೋಹಾಲ್, ಮೆಥನಾಲ್ ಬೆರೆತಿರುವಾಗ ಒಂದಾದ ಮೇಲೊಂದು ಶಿಸ್ತಾಗಿ ಸಾಲು ನಿಲ್ಲುವುದಿಲ್ಲ, ಮೆಥನಾಲ್ ನಂತರವೂ ಬರುತ್ತಲೇ ಇರುತ್ತದೆ. ಡಿಸ್ಟಿಲರಿಯಲ್ಲಿ ಲ್ಯಾಬ್ ಇರುತ್ತದೆ, ಅಡುಗೆಮನೆಯಲ್ಲಿ ಇರುವುದು ಮೂಗು. ಮೂಗಿಗೆ ಇವೆರಡರ ವ್ಯತ್ಯಾಸ ತಿಳಿಯದು.

ಒಂದು ವಿಷಯ ಸ್ಪಷ್ಟಪಡಿಸಬೇಕು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ, 2008ರ ಮೇನಲ್ಲಿ ಕರ್ನಾಟಕ-ತಮಿಳುನಾಡು ಗಡಿ ಭಾಗದಲ್ಲಿ 150ಕ್ಕೂ ಹೆಚ್ಚು ಜನ ಸತ್ತದ್ದು ಹಣ್ಣಿನ ಮೆಥನಾಲ್‌ನಿಂದಲ್ಲ. ಕಳ್ಳಭಟ್ಟಿಗೆ ಬೆರೆಸಿದ ಕಾರ್ಖಾನೆ ಮೆಥನಾಲ್‌ನಿಂದ. ಹಾಗಾಗಿ 'ಮನೆಯಲ್ಲಿ ಮಾಡಿದರೆ ಎಲ್ಲರೂ ಸಾಯುತ್ತಾರೆ' ಎಂಬ ಸಂದೇಶವೂ ಉತ್ಪ್ರೇಕ್ಷೆಯೇ. ಆದರೆ ಕುಕ್ಕರ್‌ನಿಂದ ಸೋರುವ ಆಲ್ಕೋಹಾಲ್ ಆವಿಗೆ ಪಕ್ಕದಲ್ಲೇ ಉರಿಯುವ ಗ್ಯಾಸ್ ಒಲೆ ತಾಗಿದರೆ ಮೆಥನಾಲ್‌ಗೆ ಕಾಯಬೇಕಾಗಿಲ್ಲ. ಕೆಳಗಿನ ಮನೆಯವರೂ ಅದೇ ಕಟ್ಟಡದಲ್ಲಿದ್ದಾರೆ. ಮೇಲಾಗಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಮಾರುವುದಕ್ಕಲ್ಲ, ನನಗೇ ಕುಡಿಯಲಿಕ್ಕೆ ಎಂದರೂ ನಡೆಯುವುದಿಲ್ಲ.

ಗೊತ್ತಿಲ್ಲದ ಮೂಲದ ಮದ್ಯ ಕುಡಿದ ಯಾರಿಗಾದರೂ ಕೆಲವು ಗಂಟೆಗಳ ನಂತರ ಅಥವಾ ಮಾರನೇ ದಿನ ಕಣ್ಣು ಮಂಜಾದರೆ, ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿದರೆ ಹ್ಯಾಂಗೋವರ್ ಎಂದು ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ, ಏನು ಕುಡಿದರೆಂದು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬೇಗ ಹೋದರೆ ಇದಕ್ಕೆ ಚಿಕಿತ್ಸೆಯಿದೆ.

ಹಾಗಾದರೆ ಜಾಕ್ ರೋಸ್ ಕುಡಿಯಲೇಬಾರದೇ? 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯದ ದೃಷ್ಟಿಯಿಂದ ಆಲ್ಕೋಹಾಲ್‌ಗೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದಿದೆ. ಅದನ್ನು ತಿಳಿದೂ ಕುಡಿಯುವ ವಯಸ್ಕರು ಸೀಲ್ ಇರುವ ಬಾಟಲಿ ತಂದು, 60ರ ಬದಲು 30 ಎಂಎಲ್ ಅಳೆದು, ಊಟದ ಜೊತೆಗೆ ಒಂದಕ್ಕೇ ನಿಲ್ಲಿಸಿದರೆ ಆಲ್ಕೋಹಾಲ್ 10 ಗ್ರಾಂಗೆ ಇಳಿಯುತ್ತದೆ. ನಾವು ಈ ಲೇಖನಕ್ಕಾಗಿ ಮನೆಯಲ್ಲಿ ಮಾಡಿ ನೋಡಿದ್ದು ಬ್ರಾಂಡಿಯೇ ಇಲ್ಲದ್ದನ್ನು. ಎರಡು ಚಮಚ ದಾಳಿಂಬೆ ಸಿರಪ್, ಒಂದು ನಿಂಬೆ, ಚಿಟಿಕೆ ಉಪ್ಪು, ಮೇಲೆ ತಣ್ಣನೆಯ ಸೋಡಾ. ಬಣ್ಣ ಅದೇ ಗುಲಾಬಿ. ಇದನ್ನು ಮಕ್ಕಳಿಗೂ ಕೊಡಬಹುದು.