ಏರಿಯ ಹಿಂದಿನ ಏಡಿ

2022ರ ನವೆಂಬರ್, ಬೆಳಗಿನ ಆರೂವರೆ. ಬಯಲುಸೀಮೆಯ ಈ ಪುಟ್ಟ ಕೆರೆ ವರ್ಷಗಳ ಮೇಲೆ ಕೋಡಿ ಬಿದ್ದಿದೆ. ಜೊಂಡಿನ ಅಂಚಿನಲ್ಲಿ ಗುಳುಮುಳುಕ ಮುಳುಗಿ ಇನ್ನೆಲ್ಲೋ ಏಳುತ್ತಿದೆ. ನಾನು ಮಾತ್ರ ಕೆರೆಗೆ ಬೆನ್ನು ಹಾಕಿ ಏರಿಯ ಹಿಂಬದಿ ನೋಡುತ್ತ ಕೂತಿದ್ದೇನೆ. ಅಲ್ಲಿ ಹೆಬ್ಬೆರಳು ಗಾತ್ರದ ಏಡಿ ಬಿಲ, ಬಾಯಿ ಸುತ್ತ ಕೆಸರಿನ ಸಣ್ಣ ಸಣ್ಣ ಉಂಡೆ, ನಡುವಿನಿಂದ ಜಿನುಗುವ ನೀರು. ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ರಾಡಿಯಾದರೆ ಒಳಗೆ ಏರಿ ಕರಗುತ್ತಿದೆ ಅಂತಲೇ ಲೆಕ್ಕ. ಮೂರು ದಿನದಿಂದ ತಿಳಿ.

ಈ ಕೆರೆ ಯಾರದು? ಅಚ್ಚುಕಟ್ಟು 40 ಹೆಕ್ಟೇರ್ ದಾಟಿದರೆ ಸಣ್ಣ ನೀರಾವರಿ ಇಲಾಖೆಯದು, ಒಳಗಿದ್ದರೆ ಪಂಚಾಯಿತಿಗಳ ಪಾಲು. ಇದು ಒಳಗಿನದು. ಗುಳುಮುಳುಕಕ್ಕೆ ಆ ಗೆರೆ ಗೊತ್ತಿಲ್ಲ, ಏಡಿಗಂತೂ ಮೊದಲೇ ಇಲ್ಲ.

ಜೊತೆಗೆ ಕೂತ ಹಿರಿಯರು ಹಳೇ ನೀರಗಂಟಿ ಮನೆಯವರು. “ಮೊದಲಾದ್ರೆ ಜಿಲ್ಲಾ ಪಂಚಾಯ್ತಿ ಮೆಂಬರ್ ಮನೆ ಮುಂದೆ ಹೋಗಿ ಕೂತ್ಕೋತಿದ್ವಿ ಸ್ವಾಮಿ. ಈಗ ಯಾರ ಮನೆ ಮುಂದೆ?”

ಅವರು ಕೇಳಿದ್ದು ಸರಿ. 1993ರ ಪಂಚಾಯತ್ ರಾಜ್ ಕಾಯ್ದೆ ಸುಮಾರು 40 ಸಾವಿರ ಜನಕ್ಕೊಬ್ಬ ಜಿಲ್ಲಾ ಪಂಚಾಯಿತಿ ಸದಸ್ಯ ಎಂದಿತು. ಕೊಡಗಿನಂಥ ಕಡೆ ಇನ್ನೂ ಕಡಿಮೆ ಜನಕ್ಕೆ. ಗೆದ್ದವರು ತಮ್ಮೊಳಗಿಂದಲೇ ಅಧ್ಯಕ್ಷ, ಉಪಾಧ್ಯಕ್ಷರನ್ನು ಆರಿಸಿಕೊಳ್ಳುತ್ತಾರೆ. ಶಾಸಕರು, ಸಂಸದರೂ ಸಭೆಯಲ್ಲಿರುತ್ತಾರೆ. ಕಡತ ನಡೆಸುವುದು ಸಿಇಒ. ಅದಕ್ಕೂ ಮೊದಲು, 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ಬಂದಾಗ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಅದರ ಹಿಂದಿದ್ದ ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರನ್ನು ಈ ಹಿರಿಯರು ಇಂದಿಗೂ ‘ನೀರ್ ಸಾಬ್’ ಎಂದೇ ಕರೆಯುವುದು.

2016ರಲ್ಲಿ ಜಿಲ್ಲಾ ಪಂಚಾಯಿತಿಗೆ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿಯಿತು. ಅವಧಿ ತೀರುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ. ಆಗಲಿಲ್ಲ. ಕ್ಷೇತ್ರದ ಗಡಿ, ಮೀಸಲಾತಿ, ಕೋರ್ಟು ಎಂದು ದಿನ ತಳ್ಳಿಕೊಂಡು ಹೋಯಿತು. ಕುರ್ಚಿಯಲ್ಲಿ ಆಡಳಿತಾಧಿಕಾರಿ.

ಎದುರಿನ ಜಾಲಿಯಲ್ಲಿ ಗೀಜಗ ಅರ್ಧಕ್ಕೆ ಬಿಟ್ಟ ಗೂಡೊಂದು ತೂಗುತ್ತಿದೆ. ಒಳಗೆ ಹೊರಗೆ ಓಡಾಡುತ್ತಿರುವುದು ರಾಟವಾಳ.

ಒಂಬತ್ತರ ಹೊತ್ತಿಗೆ ಬಿಲದ ನೀರು ಕೆಂಪಗಾದಂತೆ ಕಂಡಿತು. ಬೊಗಸೆಯಲ್ಲಿ ಹಿಡಿದರೆ ತಳದಲ್ಲಿ ನುಣ್ಣನೆ ಮಣ್ಣು. ಹಿರಿಯರು ಮಾತಾಡದೆ ಜೇಡಿಮಣ್ಣಿಗೆ ಹುಲ್ಲು ಕಲಸಿ, ಬಿಲಕ್ಕೆ ತುರುಕಿ ಹಿಮ್ಮಡಿಯಿಂದ ಒದ್ದರು. ಸಂಜೆ ಹೋಗಿ ನೋಡಿದೆ. ಒಂದು ಮಾರು ಆಚೆ ಹೊಸ ಕೆಸರುಂಡೆಗಳು, ಇನ್ನೂ ಹಸಿ.